ಕಾಗೆ ಕೂತಿತು, ಕೊಂಬೆ ಮುರಿಯಿತು

ಕಳೆದ ತಿಂಗಳು ಒಂದು ಸೋಮವಾರ. ಮಧ್ಯಾಹ್ನದ ಊಟಕ್ಕೆ ಏಳಬೇಕು ಎನ್ನುವಷ್ಟರಲ್ಲಿ ಮೂವತ್ತರ ಆಸುಪಾಸಿನ ಯುವಕನೊಬ್ಬ ಆರು ವರ್ಷದ ಮಗನ ಕೈಹಿಡಿದು ಒಳಗೆ ಬಂದ. ಹುಡುಗ ಬಂದವನೇ ತೂಕದ ಯಂತ್ರ ಹತ್ತಿ ಇಳಿದ, ಮೇಜಿನ ಮೇಲಿದ್ದ ಸ್ಟೆತಾಸ್ಕೋಪ್ ಎಳೆದ, ಕಿಟಕಿಯ ಚಿಲಕ ಅಲ್ಲಾಡಿಸಿದ. ನಡುನಡುವೆ ಗಂಟಲಿನಿಂದ ‘ಹ್ಞುಂ, ಹ್ಞುಂ’ ಎಂಬ ಸಣ್ಣ ಸದ್ದು. ನೆಗಡಿ ಇರಲಿಲ್ಲ, ಕೆಮ್ಮೂ ಇರಲಿಲ್ಲ.

‘ಡಾಕ್ಟ್ರೇ, ನನ್ನ ಗುರ್ತು ಸಿಗಲಿಲ್ವಾ? ಕೊಬ್ಬರಿ ಮಂಡಿಯವರ ಮಗ ನಾನು. ಚಿಕ್ಕೋನಾಗಿದ್ದಾಗ ಕಣ್ಣು ಪಿಳಿಪಿಳಿ ಅಂತಿತ್ತಲ್ಲ...’

ಗುರುತು ಸಿಕ್ಕಿತು. 2004ರಲ್ಲಿ ಅವನು ನಾಲ್ಕನೇ ತರಗತಿಯ ಹುಡುಗ. ಒಂದು ನಿಮಿಷ ಕೂತಲ್ಲಿ ಕೂರದವನು. ನೋಟ್ ಪುಸ್ತಕದಲ್ಲಿ ಪ್ರತಿ ಪುಟದ ಮೊದಲ ಎರಡು ಸಾಲು ಬರೆದಿರುತ್ತಿತ್ತು, ಉಳಿದದ್ದು ಖಾಲಿ. ಮನೆಯವರು ತಾಯತ ಕಟ್ಟಿಸಿದ್ದರು, ದೃಷ್ಟಿ ತೆಗೆಸಿದ್ದರು. ಕೊನೆಗೆ ಯಾರೋ ಹೇಳಿದರೆಂದು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಎರಡು ಮೂರು ಸಲ ಪರೀಕ್ಷಿಸಿ ‘ಎ.ಡಿ.ಎಚ್.ಡಿ.’ ಎಂದು ಬರೆದು ಮೀಥೈಲ್‌ಫೆನಿಡೇಟ್ ಎಂಬ ಮಾತ್ರೆ ಕೊಟ್ಟಿದ್ದರು. ಊರಲ್ಲಿ ನೋಡಿಕೊಳ್ಳುವ ಹೊಣೆ ನನ್ನದು.

ಒಂದು ತಿಂಗಳಲ್ಲಿ ಹುಡುಗ ಪುಟದ ಕೊನೆಯವರೆಗೂ ಬರೆಯತೊಡಗಿದ. ನಾಲ್ಕು ತಿಂಗಳು ಹೀಗೇ ಕಳೆಯಿತು. ದೀಪಾವಳಿ ಹೊತ್ತಿಗೆ ಅವನ ಕಣ್ಣು ಬಡಿದುಕೊಳ್ಳಲು ಶುರುವಾಯಿತು. ನಿಮಿಷಕ್ಕೆ ಇಪ್ಪತ್ತು ಮೂವತ್ತು ಸಲ ಪಿಳಿಪಿಳಿ. ಅಜ್ಜಿ ಗಾಬರಿಯಾದರು. ‘ಆ ಇಂಗ್ಲಿಷ್ ಔಷಧಿ ಮಗೂನ ನರ ಸುಟ್ಟುಬಿಟ್ಟಿದೆ’ ಎಂದರು. ನಾನು ನನ್ನ ಔಷಧ ಕೈಪಿಡಿ ತೆಗೆದು ನೋಡಿದೆ. ಇಂಥ ಚೇಷ್ಟೆ ಇರುವ ಮಕ್ಕಳಿಗೆ ಈ ಮಾತ್ರೆ ಕೊಡಕೂಡದು ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಅಂದೇ ನಿಲ್ಲಿಸಿಬಿಟ್ಟೆ. ಬೆಂಗಳೂರಿಗೆ ಒಂದು ಫೋನು ಕೂಡ ಮಾಡಲಿಲ್ಲ.

ಮಾತ್ರೆ ನಿಂತರೂ ಕಣ್ಣು ನಿಲ್ಲಲಿಲ್ಲ. ಸಂಕ್ರಾಂತಿವರೆಗೂ ಪಿಳಿಪಿಳಿ ಇತ್ತು. ಯುಗಾದಿ ಹೊತ್ತಿಗೆ ಅದು ಹೋಗಿ ಭುಜ ಹಾರಿಸುವುದು ಬಂತು. ಮುಂದಿನ ವರ್ಷ ಅದೂ ತಾನಾಗಿ ಕಡಿಮೆಯಾಯಿತು. ನೋಟ್ ಪುಸ್ತಕ ಮಾತ್ರ ಮತ್ತೆ ಎರಡು ಸಾಲಿಗೆ ಇಳಿದಿತ್ತು. ಹುಡುಗ ಎಸ್ಸೆಸ್ಸೆಲ್ಸಿ ಎರಡು ಸಲ ಕಟ್ಟಿ, ಎರಡು ಸಲವೂ ನಪಾಸಾಗಿ, ಶಾಲೆಗೆ ಶರಣು ಹೊಡೆದ ಎಂದು ಆಮೇಲೆ ಕೇಳಿದೆ.

ಈಗ ಅವನದು ಮೋಟರ್ ರೀವೈಂಡಿಂಗ್ ಅಂಗಡಿ. ಪಂಪ್‌ಸೆಟ್ ಸುಟ್ಟರೆ ಸುತ್ತಮುತ್ತಲ ಹತ್ತು ಹಳ್ಳಿಯ ರೈತರು ಅವನಲ್ಲಿಗೇ ಬರುತ್ತಾರೆ. ‘ಕೆಲಸ ಚೆನ್ನಾಗಿ ಬರುತ್ತೆ ಡಾಕ್ಟ್ರೇ. ಆದರೆ ತಂತಿ ಸುತ್ತು ಎಣಿಸೋವಾಗ ಮಧ್ಯೆ ಎಣಿಕೆ ತಪ್ಪುತ್ತೆ. ನನ್ನ ಹೆಂಡ್ತಿ ಪಕ್ಕದಲ್ಲಿ ಕೂತು ಎಣಿಸ್ತಾಳೆ’ ಎಂದು ನಕ್ಕ. ಆಮೇಲೆ ಮಗನ ಕಡೆ ನೋಡಿ ಕೇಳಿದ: ‘ಅವತ್ತು ನನ್ನ ಮಾತ್ರೆ ನಿಲ್ಲಿಸಿದ್ದು ಯಾಕೆ? ಆ ನಾಲ್ಕು ತಿಂಗಳು ಮೇಷ್ಟ್ರು ನನಗೆ ಹೊಡೆದೇ ಇರಲಿಲ್ಲ.’

ಕೋಪದ ಮಾತಲ್ಲ ಅದು. ಮಗನಿಗೆ ಏನು ಮಾಡಬೇಕೆಂದು ತಿಳಿಯಲು ಕೇಳಿದ ಪ್ರಶ್ನೆ. ಅಂದು ಊಟ ತಡವಾದರೂ ಕೂತು ಉತ್ತರ ಹೇಳಿದೆ. ಅದನ್ನೇ ಈ ವಾರ ನಿಮ್ಮ ಮುಂದೂ ಇಡುತ್ತಿದ್ದೇನೆ. ಇದೇ ಭಯದಿಂದ ಮಾತ್ರೆ ನಿಲ್ಲಿಸಿದ, ಅಥವಾ ಶುರುವನ್ನೇ ಮಾಡದ ಮನೆಗಳು ಇನ್ನೂ ಬೇಕಾದಷ್ಟಿವೆ.

ತುಂಟತನವೆ, ತೊಂದರೆಯೆ?

ಮಕ್ಕಳೆಂದ ಮೇಲೆ ತುಂಟತನ ಇದ್ದದ್ದೇ. ಅಜ್ಜಿಯ ಮನೆಯಲ್ಲಿ ಮಾವಿನ ಮರ ಹತ್ತುವ ಹುಡುಗನಿಗೆಲ್ಲ ಕಾಯಿಲೆಯ ಹೆಸರು ಕೊಡಬೇಕಾಗಿಲ್ಲ. ಗಮನ ನಿಲ್ಲದಿರುವುದು, ಅತಿ ಚಟುವಟಿಕೆ, ಹಿಂದುಮುಂದು ನೋಡದೆ ನುಗ್ಗುವುದು, ಈ ಮೂರರಲ್ಲಿ ಕೆಲವು ಹನ್ನೆರಡು ವರ್ಷದೊಳಗೇ ಕಾಣಿಸಿಕೊಂಡಿರಬೇಕು. ಆರು ತಿಂಗಳಿಗೂ ಹೆಚ್ಚು ಕಾಲ ಇರಬೇಕು. ಮನೆಯಲ್ಲೂ ಶಾಲೆಯಲ್ಲೂ ಇರಬೇಕು. ಅದರಿಂದ ಮಗುವಿನ ಓದು, ಗೆಳೆತನ, ದಿನನಿತ್ಯದ ಬದುಕು ಕೆಡುತ್ತಿರಬೇಕು. ಆಗ ಮಾತ್ರ ವೈದ್ಯರು ಗಮನ ಕೊರತೆಯ ತೊಂದರೆ ಎನ್ನುತ್ತಾರೆ. ರಕ್ತ ಪರೀಕ್ಷೆಯಿಂದಾಗಲೀ ಸ್ಕ್ಯಾನಿಂಗ್‌ನಿಂದಾಗಲೀ ಇದು ತಿಳಿಯುವುದಿಲ್ಲ. ತಂದೆತಾಯಿಯನ್ನು, ಮೇಷ್ಟರನ್ನು ಕೇಳಿ, ಮಗುವನ್ನು ನೋಡಿಯೇ ತಿಳಿಯಬೇಕು. ಕಿವಿ, ಕಣ್ಣು, ನಿದ್ರೆ ಸರಿಯಾಗಿವೆಯೆ ಎಂದು ಮೊದಲು ನೋಡುವುದೂ ಅಷ್ಟೇ ಮುಖ್ಯ. ಬೋರ್ಡು ಕಾಣದ ಮಗು ಪಾಠದ ಕಡೆ ಗಮನ ಕೊಡುವುದಾದರೂ ಹೇಗೆ?

ಇನ್ನು ‘ಟಿಕ್’. ಕಣ್ಣು ಪಿಳುಕಿಸುವುದು, ಮೂಗು ಸೇದುವುದು, ಮುಖ ಸೊಟ್ಟ ಮಾಡುವುದು, ಭುಜ ಹಾರಿಸುವುದು, ಕತ್ತು ಕೊಡವುವುದು ಚಲನೆಯ ಟಿಕ್‌ಗಳು. ಗಂಟಲು ಕೆರೆಯುವುದು, ಹೂಂಗುಟ್ಟುವುದು ಸದ್ದಿನ ಟಿಕ್‌ಗಳು. ಮಗು ಇದನ್ನು ಬೇಕೆಂದು ಮಾಡುವುದಿಲ್ಲ. ಸೀನು ಬರುವ ಮುಂಚೆ ಮೂಗಿನಲ್ಲಿ ಒಂದು ತವಕ ಆಗುತ್ತದಲ್ಲ, ಹಾಗೆಯೇ ಒಳಗಿನಿಂದ ತವಕ ಬರುತ್ತದೆ. ಸ್ವಲ್ಪ ಹೊತ್ತು ತಡೆಯಬಹುದು, ಪೂರ್ತಿ ತಡೆಯಲಾಗದು. ಎಷ್ಟೋ ಮಕ್ಕಳು ಶಾಲೆಯಲ್ಲಿ ತಡೆದಿಟ್ಟುಕೊಂಡು ಮನೆಗೆ ಬಂದ ಕೂಡಲೇ ಎಲ್ಲವನ್ನೂ ಹೊರಹಾಕುತ್ತವೆ. ‘ಮೇಷ್ಟ್ರ ಮುಂದೆ ಸರಿಯಾಗಿರ್ತಾನೆ, ನಮ್ಮ ಮುಂದೆ ಮಾತ್ರ ಆಡ್ತಾನೆ’ ಎಂದು ತಾಯಂದಿರು ದೂರುವುದು ಇದಕ್ಕೇ.

ಶಾಲೆಗೆ ಹೋಗುವ ಮಕ್ಕಳಲ್ಲಿ ಕೆಲವರಿಗಾದರೂ ಇಂಥ ಚೇಷ್ಟೆ ಕೆಲವು ವಾರ ಬಂದು ಹೋಗುತ್ತದೆ. ಒಂದಕ್ಕಿಂತ ಹೆಚ್ಚು ಬಗೆಯ ಚಲನೆ, ಜೊತೆಗೆ ಸದ್ದಿನ ಟಿಕ್, ಒಂದು ವರ್ಷಕ್ಕೂ ಮೇಲ್ಪಟ್ಟು ಇದ್ದರೆ ಅದಕ್ಕೆ ಟೂರೆಟ್ ಸಿಂಡ್ರೋಮ್ ಎಂದು ಹೆಸರು. 1885ರಲ್ಲಿ ಪ್ಯಾರಿಸ್ಸಿನ ಜಾರ್ಜ್ ಜಿಲ್ ದ ಲ ಟೂರೆಟ್ ಎಂಬ ವೈದ್ಯರು ಒಂಬತ್ತು ರೋಗಿಗಳ ವಿವರ ಬರೆದರು. ಅವರ ಗುರು ಶಾರ್ಕೊ ಶಿಷ್ಯನ ಹೆಸರನ್ನೇ ರೋಗಕ್ಕಿಟ್ಟರು. ಈ ರೋಗ ಎಂದರೆ ಬಾಯಿಗೆ ಬಂದಂತೆ ಬೈಯುವುದು ಎಂದು ಸಿನಿಮಾ ನೋಡಿದವರು ತಿಳಿದಿರುತ್ತಾರೆ. ನಿಜವಾಗಿ ಬೈಗುಳ ಬರುವುದು ಹತ್ತರಲ್ಲಿ ಒಂದಿಬ್ಬರಿಗೆ ಮಾತ್ರ.

ಇಲ್ಲಿ ನೆನಪಿಡಬೇಕಾದ ಮಾತೊಂದಿದೆ. ಗಮನ ಕೊರತೆ ಮತ್ತು ಟಿಕ್ ಎರಡೂ ಅನೇಕ ಬಾರಿ ಒಂದೇ ಮಗುವಿನಲ್ಲಿರುತ್ತವೆ. ಟೂರೆಟ್ ಇದ್ದು ಆಸ್ಪತ್ರೆಗೆ ಬರುವ ಮಕ್ಕಳಲ್ಲಿ ಅರ್ಧಕ್ಕರ್ಧ, ಅಥವಾ ಅದಕ್ಕೂ ಹೆಚ್ಚು ಮಂದಿಗೆ ಗಮನ ಕೊರತೆಯೂ ಇರುತ್ತದೆ. ಮಗುವನ್ನು ಹೆಚ್ಚು ಹಿಂದೆ ಹಾಕುವುದು ಬಹಳ ಸಲ ಟಿಕ್ ಅಲ್ಲ, ಗಮನ ಕೊರತೆ. ಟಿಕ್ ಬೇರೆಯವರ ಕಣ್ಣಿಗೆ ಬೀಳುತ್ತದೆ. ಗಮನ ಕೊರತೆ ಮಗುವಿನ ಅಂಕಪಟ್ಟಿಗೆ ಬೀಳುತ್ತದೆ.

ಲೆಕ್ಕದ ಗುಳಿಗೆ

ಮೊದಲೇ ಕುಣಿಯುವ ಹುಡುಗನಿಗೆ ಉತ್ತೇಜಕ ಕೊಡುವುದೆ? ಕೋತಿಗೆ ಹೆಂಡ ಕುಡಿಸಿದ ಹಾಗಾಗುವುದಿಲ್ಲವೆ? ಈ ಪ್ರಶ್ನೆ ಎಲ್ಲ ತಂದೆತಾಯಿಯದೂ ಹೌದು.

ಇದರ ಕಥೆ ಶುರುವಾದದ್ದು ಒಂದು ತಲೆನೋವಿನಿಂದ. ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ಮಕ್ಕಳ ಮಾನಸಿಕ ತೊಂದರೆಗಳಿಗೆಂದೇ 1931ರಲ್ಲಿ ಒಂದು ಆಸ್ಪತ್ರೆ ತೆರೆದಿತ್ತು. ಅಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರಿದ್ದರು. ಆಗ ಸ್ಕ್ಯಾನಿಂಗ್ ಇರಲಿಲ್ಲ. ಮಿದುಳಿನ ಚಿತ್ರ ಬೇಕಾದರೆ ಬೆನ್ನುಹುರಿಯಿಂದ ನೀರು ತೆಗೆದು, ಗಾಳಿ ತುಂಬಿ, ಎಕ್ಸ್‌ರೇ ತೆಗೆಯಬೇಕಿತ್ತು. ಆಮೇಲೆ ಮಕ್ಕಳಿಗೆ ತಡೆಯಲಾರದ ತಲೆನೋವು. ಬೆಂಜೆಡ್ರಿನ್ ಎಂಬ ಆಂಫೆಟಮಿನ್ ಮಾತ್ರೆ ಕೊಟ್ಟರೆ ನೀರು ಬೇಗ ಊರಬಹುದು, ನೋವು ಹೋಗಬಹುದು ಎಂದು ಬ್ರಾಡ್ಲಿ ಎಣಿಸಿದರು. ನೋವೇನೂ ಅಷ್ಟಾಗಿ ಹೋಗಲಿಲ್ಲ. ಆದರೆ ಆ ಮಕ್ಕಳು ಪಾಠ ಕಲಿಯುವ ರೀತಿಯೇ ಬದಲಾಯಿತು. ಬ್ರಾಡ್ಲಿ 30 ಮಕ್ಕಳಿಗೆ ಒಂದು ವಾರ ಈ ಮಾತ್ರೆ ಕೊಟ್ಟು ನೋಡಿ 1937ರಲ್ಲಿ ವರದಿ ಬರೆದರು. 14 ಮಕ್ಕಳ ಓದಿನಲ್ಲಿ ಬೆರಗಾಗುವಷ್ಟು ಸುಧಾರಣೆ. ಮಾತ್ರೆ ಕೊಟ್ಟ ಮೊದಲ ದಿನವೇ ಕಂಡದ್ದು, ನಿಲ್ಲಿಸಿದ ದಿನವೇ ಮಾಯವಾಯಿತು. ಮಕ್ಕಳೇ ಅದಕ್ಕೆ ‘ಲೆಕ್ಕದ ಗುಳಿಗೆ’ ಎಂದು ಹೆಸರಿಟ್ಟವು.

ಮೀಥೈಲ್‌ಫೆನಿಡೇಟ್ ಬಂದದ್ದು ಆಮೇಲೆ. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನ ತಜ್ಞ ಲಿಯಾಂಡ್ರೊ ಪಾನಿಜ್ಜೋನ್ ಇದನ್ನು ತಯಾರಿಸಿದರು. ಅವರ ಹೆಂಡತಿ ಮಾರ್ಗರೀಟ್ ಟೆನಿಸ್ ಆಡುವ ಮುಂಚೆ ಇದನ್ನು ನುಂಗಿ ನೋಡುತ್ತಿದ್ದರಂತೆ. ಆಕೆಯನ್ನು ಮನೆಯಲ್ಲಿ ‘ರೀಟಾ’ ಎನ್ನುತ್ತಿದ್ದುದರಿಂದ ಮಾತ್ರೆಗೆ ‘ರಿಟಾಲಿನ್’ ಎಂಬ ಹೆಸರಾಯಿತು.

ಇದು ಕೆಲಸ ಮಾಡುವ ರೀತಿಯನ್ನು ಎತ್ತಿನಗಾಡಿಯ ಹೋಲಿಕೆಯಿಂದ ಹೇಳಬಹುದು. ಗಾಡಿಯವನು ತೂಕಡಿಸುತ್ತಿದ್ದಾನೆ, ಹುರುಪಿನ ಎತ್ತುಗಳು ಮನಬಂದ ಕಡೆ ಓಡುತ್ತಿವೆ. ಈ ಮಾತ್ರೆ ಎಬ್ಬಿಸುವುದು ಎತ್ತುಗಳನ್ನಲ್ಲ, ಗಾಡಿಯವನನ್ನು. ಮಿದುಳಿನ ಮುಂಭಾಗದಲ್ಲಿ ‘ನಿಲ್ಲು, ಯೋಚಿಸು’ ಎನ್ನುವ ಜಾಲವೊಂದಿದೆ. ಅದಕ್ಕೆ ಬೇಕಾದ ಡೋಪಮಿನ್, ನಾರ್‌ಎಪಿನೆಫ್ರಿನ್ ಎಂಬ ರಾಸಾಯನಿಕಗಳು ಬೇಗ ಹೀರಿಹೋಗದಂತೆ ಮಾತ್ರೆ ತಡೆಯುತ್ತದೆ. ಸಾದಾ ಮಾತ್ರೆಯ ಗುಣ ಮೂರು ನಾಲ್ಕು ಗಂಟೆ ಮಾತ್ರ ಇರುತ್ತದೆ.

ಇದೇ ಮದ್ದು ಯಾವ ತೊಂದರೆಯೂ ಇಲ್ಲದ ಹುಡುಗರ ಗಮನವನ್ನೂ ಸ್ವಲ್ಪ ಹೆಚ್ಚಿಸುತ್ತದೆ. 1978ರಲ್ಲಿ ಜೂಡಿತ್ ರಾಪಪೋರ್ಟ್ ಎಂಬ ವೈದ್ಯೆ 14 ಆರೋಗ್ಯವಂತ ಹುಡುಗರಿಗೆ ಇಂಥ ಉತ್ತೇಜಕ ಕೊಟ್ಟು ಇದನ್ನು ತೋರಿಸಿದರು. ಆದ್ದರಿಂದ ‘ಮಾತ್ರೆ ಕೊಟ್ಟು ನೋಡೋಣ, ಓದಿದರೆ ಕಾಯಿಲೆ ಇದೆ ಎಂದರ್ಥ’ ಎನ್ನುವ ತರ್ಕ ಸರಿಯಲ್ಲ. ಪರೀಕ್ಷೆಯಲ್ಲಿ ಅಂಕ ಹೆಚ್ಚಲಿ ಎಂದು ಪಕ್ಕದ ಮನೆಯ ಮಗುವಿನ ಮಾತ್ರೆ ತಂದು ನಿಮ್ಮ ಮಗುವಿಗೆ ಕೊಡುವುದಂತೂ ಅಪರಾಧವೇ ಸರಿ.

ಹದಿನೈದು ಮಕ್ಕಳು

ಹಾಗಾದರೆ ಟಿಕ್ ಭಯ ಎಲ್ಲಿಂದ ಬಂತು? 1982ರಲ್ಲಿ ಯೇಲ್ ವಿಶ್ವವಿದ್ಯಾಲಯದ ವೈದ್ಯರು ಅಮೆರಿಕದ ದೊಡ್ಡ ವೈದ್ಯ ಪತ್ರಿಕೆಯೊಂದರಲ್ಲಿ ಒಂದು ವರದಿ ಪ್ರಕಟಿಸಿದರು. ಉತ್ತೇಜಕ ಮಾತ್ರೆ ತೆಗೆದುಕೊಳ್ಳುತ್ತಿದ್ದ 15 ಮಕ್ಕಳಲ್ಲಿ ಟೂರೆಟ್ ಲಕ್ಷಣ ಕಂಡಿತ್ತು. ಅವರು ಎಚ್ಚರಿಸಿದ್ದು ತಪ್ಪಲ್ಲ. ಅನುಮಾನ ಬಂದಾಗ ಹೇಳುವುದು ವೈದ್ಯರ ಕರ್ತವ್ಯ. ಮಾತ್ರೆಯ ಪೊಟ್ಟಣದೊಳಗಿನ ಕಾಗದದಲ್ಲೂ ಕೈಪಿಡಿಗಳಲ್ಲೂ ಟಿಕ್ ಇದ್ದವರಿಗೆ, ಮನೆತನದಲ್ಲಿ ಟೂರೆಟ್ ಇದ್ದವರಿಗೆ ಕೊಡಕೂಡದು ಎಂಬ ಸಾಲು ದಶಕಗಟ್ಟಲೆ ಉಳಿಯಿತು. ನಾನು 2004ರಲ್ಲಿ ಓದಿದ್ದು ಅದನ್ನೇ.

ಈಗ ಸ್ವಲ್ಪ ಲೆಕ್ಕ ಹಾಕಿ ನೋಡಿ. ಎರಡೂ ತೊಂದರೆ ಇರುವ ಮಗುವಿನಲ್ಲಿ ಮೊದಲು ಕಾಣುವುದು ಸಾಮಾನ್ಯವಾಗಿ ಚಂಚಲತೆ. ಟಿಕ್ ಬರುವುದು ಅದಾದ ಎರಡು ಮೂರು ವರ್ಷಕ್ಕೆ, ಬಹುತೇಕ ಐದರಿಂದ ಏಳು ವರ್ಷದೊಳಗೆ, ಕೆಲವರಲ್ಲಿ ಇನ್ನೂ ತಡವಾಗಿ. ಅದು ಅತಿ ಜೋರಾಗುವುದು ಹತ್ತು ಹನ್ನೆರಡರ ವಯಸ್ಸಿನಲ್ಲಿ. ಹದಿನೆಂಟರ ಹೊತ್ತಿಗೆ ಹೆಚ್ಚಿನವರಲ್ಲಿ ಬಹಳಷ್ಟು ತಗ್ಗಿರುತ್ತದೆ. ಇನ್ನು ಮಗುವಿಗೆ ಗಮನದ ಮಾತ್ರೆ ಶುರುಮಾಡುವುದು ಯಾವಾಗ? ಶಾಲೆಯಿಂದ ದೂರು ಬಂದ ಮೇಲೆ, ಅಂದರೆ ಆರರಿಂದ ಹತ್ತು ವರ್ಷದೊಳಗೆ. ಟಿಕ್ ತಾನಾಗಿ ಬರಬೇಕಾದ ಕಾಲ, ಜೋರಾಗಬೇಕಾದ ಕಾಲ, ಮಾತ್ರೆ ಶುರುವಾಗುವ ಕಾಲ ಮೂರೂ ಒಂದೇ. ಕಾಗೆ ಕೂತ ಹೊತ್ತಿಗೇ ಕೊಂಬೆ ಮುರಿಯಿತು. ಕೊಂಬೆ ಮೊದಲೇ ಹುಳು ತಿಂದಿತ್ತೆ ಎಂದು ಯಾರೂ ನೋಡಲಿಲ್ಲ.

ಇನ್ನೊಂದು ತೊಡಕೂ ಇದೆ. ಟಿಕ್ ಅಲೆಯಂತೆ ಏರುತ್ತದೆ, ಇಳಿಯುತ್ತದೆ. ಏರಿದಾಗ ನಾವು ಹೆದರಿ ಔಷಧ ಬದಲಿಸುತ್ತೇವೆ. ಅಲೆ ತಾನಾಗಿ ಇಳಿಯುತ್ತದೆ. ‘ನೋಡಿದಿರಾ, ಮಾತ್ರೆ ಬಿಟ್ಟ ಮೇಲೆ ಕಡಿಮೆಯಾಯಿತು’ ಎನ್ನುತ್ತೇವೆ. ಕಟ್ಟಿಸಿದ ತಾಯತಕ್ಕೂ ಹೀಗೆಯೇ ಹೆಸರು ಬರುತ್ತದೆ.

ಕಾಗೆಯ ತಪ್ಪೆಷ್ಟು?

ಇದನ್ನು ಬಿಡಿಸಲು ಒಂದೇ ದಾರಿ. ಕೆಲವು ಮಕ್ಕಳಿಗೆ ನಿಜ ಮಾತ್ರೆ, ಕೆಲವರಿಗೆ ನೋಡಲು ಹಾಗೆಯೇ ಇರುವ ಹುಸಿ ಮಾತ್ರೆ. ಯಾರಿಗೆ ಯಾವುದು ಎಂದು ಮಗುವಿಗೂ ಗೊತ್ತಿರಬಾರದು, ನೋಡುವ ವೈದ್ಯರಿಗೂ ಗೊತ್ತಿರಬಾರದು. 1990ರ ದಶಕದಲ್ಲಿ ಸಣ್ಣ ಪ್ರಮಾಣದಲ್ಲಿ ಇಂಥ ಅಧ್ಯಯನಗಳು ಆರಂಭವಾದವು. 2002ರಲ್ಲಿ ದೊಡ್ಡ ಉತ್ತರ ಬಂತು. ಗಮನ ಕೊರತೆ ಮತ್ತು ಟಿಕ್ ಎರಡೂ ಇದ್ದ 136 ಮಕ್ಕಳನ್ನು ಅಮೆರಿಕದ ವೈದ್ಯರು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಮೀಥೈಲ್‌ಫೆನಿಡೇಟ್, ಒಂದಕ್ಕೆ ಕ್ಲೊನಿಡಿನ್, ಒಂದಕ್ಕೆ ಎರಡೂ, ಒಂದಕ್ಕೆ ಹುಸಿ ಮಾತ್ರೆ. ಹದಿನಾರು ವಾರ ನೋಡಿದರು. ಟಿಕ್ ಹೆಚ್ಚಾಯಿತು ಎಂದು ದೂರು ಬಂದದ್ದು ಮೀಥೈಲ್‌ಫೆನಿಡೇಟ್ ತೆಗೆದುಕೊಂಡವರಲ್ಲಿ ನೂರಕ್ಕೆ 20, ಕ್ಲೊನಿಡಿನ್ ತೆಗೆದುಕೊಂಡವರಲ್ಲಿ 26, ಏನೂ ಇಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ 22. ಗಮನದಲ್ಲಿ ಅತಿ ಹೆಚ್ಚು ಸುಧಾರಿಸಿದ್ದು ಎರಡೂ ಔಷಧ ಸಿಕ್ಕ ಗುಂಪು.

2015ರಲ್ಲಿ ಇಂಥ 22 ಅಧ್ಯಯನಗಳನ್ನು, ಒಟ್ಟು 2,385 ಮಕ್ಕಳ ವಿವರವನ್ನು, ಒಟ್ಟಿಗೆ ಸೇರಿಸಿ ತೂಗಿದರು. ಟಿಕ್ ಹೊಸದಾಗಿ ಬಂದದ್ದು ಅಥವಾ ಹೆಚ್ಚಾದದ್ದು ಉತ್ತೇಜಕ ತೆಗೆದುಕೊಂಡವರಲ್ಲಿ ನೂರಕ್ಕೆ 5.7, ಹುಸಿ ಮಾತ್ರೆಯವರಲ್ಲಿ 6.5. ಅಮೆರಿಕದಲ್ಲಿ ಈಗ ಮಾತ್ರೆಯ ಕಾಗದದಿಂದ ‘ಕೊಡಕೂಡದು’ ಎಂಬ ಸಾಲು ಹೋಗಿದೆ. ಅದರ ಬದಲು ‘ಟಿಕ್ ಬರುತ್ತದೆಯೆ ಎಂದು ನೋಡುತ್ತಿರಿ’ ಎಂಬ ಎಚ್ಚರಿಕೆ ಇದೆ.

ಕಾಗೆ ಪೂರ್ತಿ ನಿರಪರಾಧಿ ಎನ್ನಬೇಡಿ. ಸಾಮಾನ್ಯ ಪ್ರಮಾಣ ಮೀರಿ ಕೊಟ್ಟ ಡೆಕ್ಸ್‌ಆಂಫೆಟಮಿನ್ ಟಿಕ್ ಹೆಚ್ಚಿಸಿದ ನಿದರ್ಶನ ಇದೆ. ಸರಾಸರಿ ಲೆಕ್ಕದಲ್ಲಿ ಕಾಣದಿದ್ದರೂ ಯಾವುದೋ ಒಂದು ಮಗುವಿಗೆ ನಿಜವಾಗಿಯೂ ಒಗ್ಗದಿರಬಹುದು. ಅದನ್ನು ತಿಳಿಯುವ ದಾರಿ ಗಾಬರಿಯಲ್ಲ, ದಿನಚರಿ. ಒಂದು ನೋಟ್ ಪುಸ್ತಕದಲ್ಲಿ ಪ್ರತಿದಿನ ಟಿಕ್ ಎಷ್ಟಿತ್ತು, ಓದು ಹೇಗಿತ್ತು, ನಿದ್ರೆ ಹೇಗಿತ್ತು ಎಂದು ಒಂದೊಂದು ಸಾಲು ಬರೆಯಿರಿ. ಮೂರು ನಾಲ್ಕು ವಾರ ನೋಡಿ, ವೈದ್ಯರೊಡನೆ ಮಾತಾಡಿ, ಬೇಕಾದರೆ ಪ್ರಮಾಣ ತಗ್ಗಿಸಿ, ಇಲ್ಲವೆ ಬದಲಿಸಿ. 2004ರಲ್ಲಿ ನಾನು ಮಾಡಬೇಕಿದ್ದದ್ದು ಇದನ್ನು. ಆ ದೊಡ್ಡ ಅಧ್ಯಯನ ಅಚ್ಚಾಗಿ ಆಗಲೇ ಎರಡು ವರ್ಷವಾಗಿತ್ತು. ನಾನು ಓದಿರಲಿಲ್ಲ.

ನೀವು ಕೇಳುವ ಪ್ರಶ್ನೆಗಳು

ಈ ಮಾತ್ರೆಯಿಂದ ಬೇರೆ ತೊಂದರೆ ಇಲ್ಲವೆ? ಇದೆ. ಹಸಿವು ಕಡಿಮೆಯಾಗುತ್ತದೆ. ಬೆಳಿಗ್ಗೆ ಹೊಟ್ಟೆ ತುಂಬ ತಿಂಡಿ ತಿನ್ನಿಸಿ ಆಮೇಲೆ ಮಾತ್ರೆ ಕೊಡಿ. ಮಧ್ಯಾಹ್ನದ ಡಬ್ಬಿ ಹಾಗೇ ವಾಪಸು ಬಂದರೆ ಬೈಯಬೇಡಿ. ಸಂಜೆ ಗುಣ ಇಳಿದ ಮೇಲೆ ಹಸಿವಾಗುತ್ತದೆ, ಆಗ ಕೊಡಿ. ತಡವಾಗಿ ಕೊಟ್ಟರೆ ರಾತ್ರಿ ನಿದ್ರೆ ಬಾರದು. ನಾಡಿ ಬಡಿತ, ರಕ್ತದೊತ್ತಡ ತುಸು ಏರಬಹುದು. ಕೆಲವು ವರ್ಷ ಸತತವಾಗಿ ತೆಗೆದುಕೊಂಡ ಮಕ್ಕಳ ಎತ್ತರ ಒಂದೆರಡು ಸೆಂಟಿಮೀಟರ್ ಕಡಿಮೆಯಾಗಬಹುದು. ಆದ್ದರಿಂದ ಕೆಲವು ತಿಂಗಳಿಗೊಮ್ಮೆ ಎತ್ತರ, ತೂಕ, ರಕ್ತದೊತ್ತಡ ನೋಡಿಸಲೇಬೇಕು. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯ ನಿಂತು ತೀರಿಕೊಂಡವರಿದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಚಟವಾಗುವುದಿಲ್ಲವೆ? ವೈದ್ಯರು ಹೇಳಿದ ಪ್ರಮಾಣದಲ್ಲಿ ನುಂಗುವ ಮಗುವಿಗೆ ಚಟ ಹತ್ತುವ ಭಯವಿಲ್ಲ. ಆದರೆ ಉತ್ತೇಜಕ ಉತ್ತೇಜಕವೇ. ದುರುಪಯೋಗ ಮಾಡುವವರಿದ್ದಾರೆ. ಬೀರುವಿನಲ್ಲಿಟ್ಟು ಬೀಗ ಹಾಕಿ, ಎಣಿಸಿ ಇಡಿ.

ಬೇರೆ ಮದ್ದಿಲ್ಲವೆ? ಇದೆ. 2002ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಆಟೊಮಾಕ್ಸೆಟಿನ್ ಉತ್ತೇಜಕವಲ್ಲ. ಗುಣ ಕಾಣಲು ಕೆಲವು ವಾರ ಬೇಕು. ಕ್ಲೊನಿಡಿನ್ ಮೂಲತಃ ರಕ್ತದೊತ್ತಡದ ಮದ್ದು. ಟಿಕ್ ಮತ್ತು ಚಂಚಲತೆ ಎರಡಕ್ಕೂ ಸ್ವಲ್ಪ ಆಗುತ್ತದೆ, ತೂಕಡಿಕೆ ತರುತ್ತದೆ. ಅದನ್ನು ತಟ್ಟನೆ ನಿಲ್ಲಿಸಬಾರದು.

ಟಿಕ್‌ಗೆ ಮಾತ್ರೆ ಕೊಡಲೇಬೇಕೆ? ಹೆಚ್ಚಿನ ಮಕ್ಕಳಿಗೆ ಬೇಡ. ನೋವಾಗುತ್ತಿದ್ದರೆ, ಓದಿಗೆ ಅಡ್ಡಿಯಾಗುತ್ತಿದ್ದರೆ, ಬೇರೆ ಮಕ್ಕಳು ಕಾಡುತ್ತಿದ್ದರೆ ಮಾತ್ರ ಯೋಚಿಸಬೇಕು. ಆಗಲೂ ಮೊದಲು ತರಬೇತಿ. ತವಕ ಬರುವುದನ್ನು ಮಗುವೇ ಗುರುತಿಸಬೇಕು. ಬಂದಾಗ ಅದಕ್ಕೆ ವಿರುದ್ಧವಾದ ಕೆಲಸ ಮಾಡಬೇಕು. ಭುಜ ಹಾರುವ ಮಗು ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯುತ್ತದೆ. ಗಂಟಲಲ್ಲಿ ಸದ್ದು ಬರುವ ಮಗು ಮೂಗಿನಿಂದ ನಿಧಾನವಾಗಿ ಉಸಿರಾಡುತ್ತದೆ. 2010ರಲ್ಲಿ 126 ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿದಾಗ, ಹತ್ತು ವಾರಗಳಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳಿಗೆ ಚೆನ್ನಾಗಿ ಗುಣ ಕಂಡಿತು. ಬರೀ ಸಮಾಧಾನ, ತಿಳಿವಳಿಕೆಯ ಮಾತು ಕೇಳಿದವರಲ್ಲಿ ಗುಣ ಕಂಡದ್ದು ಐದರಲ್ಲಿ ಒಬ್ಬರಿಗೂ ಕಡಿಮೆ. ‘ಕಣ್ಣು ಹಾಗೆ ಮಾಡಬೇಡ’ ಎಂದು ದಿನಕ್ಕೆ ನೂರು ಸಲ ಹೇಳುವುದು ಮಾತ್ರ ಚಿಕಿತ್ಸೆಯಲ್ಲ. ಹೇಳಿದಷ್ಟೂ ಅದು ಹೆಚ್ಚುತ್ತದೆ.

ಮಾತ್ರೆಯೊಂದೇ ಸಾಕೆ? ಸಾಲದು. ಮಾತ್ರೆ ಮಗುವನ್ನು ಕೂರಿಸುತ್ತದೆ, ಕಲಿಸುವುದಿಲ್ಲ. ಮುಂದಿನ ಬೆಂಚು, ಚಿಕ್ಕ ಚಿಕ್ಕ ತುಂಡು ಮಾಡಿ ಕೊಟ್ಟ ಹೋಂವರ್ಕ್, ಮಧ್ಯೆ ಮಧ್ಯೆ ಬೋರ್ಡು ಒರೆಸುವ ನೆಪದಲ್ಲಿ ಎದ್ದು ಓಡಾಡಲು ಅವಕಾಶ, ಮಾಡಿದ್ದಕ್ಕೆ ಆಗಿಂದಾಗಲೇ ಶಹಬ್ಬಾಸ್. ಇದಕ್ಕೆ ಚೀಟಿ ಬೇಡ, ದುಡ್ಡೂ ಬೇಡ.

ಊರಲ್ಲಿ ಸಿಗುತ್ತದೆಯೆ?

ಮೀಥೈಲ್‌ಫೆನಿಡೇಟ್ ನಮ್ಮ ದೇಶದಲ್ಲಿ ಷೆಡ್ಯೂಲ್ ಎಕ್ಸ್ ಪಟ್ಟಿಯಲ್ಲಿದೆ. ಮಾರುವ ಅಂಗಡಿಗೆ ಬೇರೆಯದೇ ಲೈಸೆನ್ಸ್ ಬೇಕು. ವೈದ್ಯರ ಚೀಟಿ ಎರಡು ಪ್ರತಿ ಇರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಕಾನೂನಿನ ಉದ್ದೇಶ ಒಳ್ಳೆಯದೇ. ಫಲ ಮಾತ್ರ ಹೀಗಾಗಿದೆ: ನಮ್ಮಂಥ ತಾಲ್ಲೂಕು ಊರಿನ ಔಷಧಿ ಅಂಗಡಿಯಲ್ಲಿ ಇದು ಸಿಗುವುದಿಲ್ಲ. ತಂದೆ ಒಂದು ದಿನದ ದುಡಿಮೆ ಬಿಟ್ಟು ಬೆಂಗಳೂರಿನ ಬಸ್ಸು ಹತ್ತಬೇಕು. ಮಾತ್ರೆ ಮುಗಿದು, ಬಸ್ ಚಾರ್ಜಿಗೆ ದುಡ್ಡಿಲ್ಲದೆ ನಿಂತ ಚಿಕಿತ್ಸೆಗಳನ್ನು ನಾನು ಕಂಡಿದ್ದೇನೆ. ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಮೊದಲು ಕೇಳಿ. ದಾರಿ ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಈ ಸೇವೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅಂದು ಆ ತಂದೆಗೆ ಇಷ್ಟನ್ನೂ ಹೇಳಿ, ಕೊನೆಗೆ ‘ನಿನ್ನ ಮಾತ್ರೆ ನಿಲ್ಲಿಸಿದ್ದು ನನ್ನ ಅವಸರ. ಕಾರಣ ಕಣ್ಣೆದುರು ಕಂಡಿತು ಅಂದುಕೊಂಡೆ, ವಿಚಾರ ಮಾಡಲಿಲ್ಲ’ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಹೋಗ್ಲಿ ಬಿಡಿ ಡಾಕ್ಟ್ರೇ, ಅಜ್ಜಿಯೂ ಹೇಳಿತ್ತಲ್ಲ’ ಎಂದ. ನನ್ನ ತಪ್ಪಿನಲ್ಲಿ ಅಜ್ಜಿಗೂ ಒಂದು ಪಾಲು ಕೊಟ್ಟು ಭಾರ ಇಳಿಸಿದ.

ಹುಡುಗನಿಗೆ ಅಂದೇನೂ ಮಾತ್ರೆ ಬರೆಯಲಿಲ್ಲ. ಕಿವಿ, ಕಣ್ಣು ಪರೀಕ್ಷೆಗೆ ಚೀಟಿ ಕೊಟ್ಟೆ. ಮೇಡಂ ಹತ್ತಿರ ಬರೆಸಿಕೊಂಡು ಬರಲು ಪ್ರಶ್ನೆಗಳ ಹಾಳೆ ಕೊಟ್ಟೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ಪತ್ರ ಬರೆದೆ, ಈ ಸಲ ಅವರಿಗೆ ಫೋನನ್ನೂ ಮಾಡಿದೆ. ಗಂಟಲ ಸದ್ದಿಗೆ ಮನೆಯಲ್ಲಿ ಯಾರೂ ಏನೂ ಅನ್ನಬಾರದೆಂದು ಹೇಳಿದೆ. ದಿನಚರಿ ಬರೆಯಲು ಒಂದು ಇನ್ನೂರು ಪುಟದ ನೋಟ್ ಪುಸ್ತಕ ತೆಗೆದುಕೊಳ್ಳಲು ಹೇಳಿದಾಗ ಅವನು ತಲೆ ಕೆರೆದುಕೊಂಡ.

‘ದಿನಾ ಬರೆಯೋದು ನನ್ನ ಕೈಲಾಗಲ್ಲ ಡಾಕ್ಟ್ರೇ. ನಮ್ಮನೆಯವಳು ಬರೀತಾಳೆ. ಸುತ್ತು ಎಣಿಸೋಳು ಅವಳೇ ಅಲ್ವಾ!’

ಮುಂದಿನ ತಿಂಗಳು ಎರಡನೇ ಸೋಮವಾರ ಮೂವರೂ ಬರುತ್ತಾರೆ.